ಕೊಟ್ಟೆ

ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವವನೊಬ್ಬನಿಗೆ ಎರಡೇ ಅಕ್ಷರದ ಒಂದು ಕನ್ನಡ ಶಬ್ದ ನಲವತ್ತು ದಾಟಿದ ಮೇಲೆ ತಿಳಿಯಿತೆಂದರೆ ವಾಚಕರು ನಗಬಹುದು. ನಗಲಿ, ನಾನು ಹೇಳಹೊರಟಿರುವುದು ನನ್ನ ಅಜ್ಞಾನದ ಕಥೆಯನ್ನೇ. ಆ ಶಬ್ದ ‘ಕೊಟ್ಟೆ’. ನಮ್ಮ ಅರಸೀಕೆರೆಯ ಕಡೆ ಆ ಮಾತಿಗೆ ನಾನು ಕೇಳಿದ್ದ ಬಳಕೆ ಒಂದೇ. ‘ಕೊಡು’ ಧಾತು, ಭೂತಕಾಲ, ಉತ್ತಮ ಪುರುಷ, ಏಕವಚನ. ‘ನಾನು ಕೊಟ್ಟೆ.’ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದು ನಾಮಪದವೂ ಹೌದು. ಎಲೆಯನ್ನೋ ಅಡಿಕೆಯ ಹಾಳೆಯನ್ನೋ ಮಡಿಸಿ ಮಾಡಿದ ಪೊಟ್ಟಣ ಅಲ್ಲಿ ಕೊಟ್ಟೆ. ಕಾಲ ಬದಲಾಯಿತು, ಪ್ಲಾಸ್ಟಿಕ್ಕಿನ ಚೀಲ ಬಂದಿತು. ಜನ ಅದನ್ನೂ ಕೊಟ್ಟೆಯೆಂದೇ ಕರೆದರು. ಈ ನಾಮಪದಕ್ಕೂ ಆ ಕ್ರಿಯಾಪದಕ್ಕೂ ವ್ಯಾಕರಣದಲ್ಲಿ ಸಂಬಂಧವಿಲ್ಲದಿರಬಹುದು. ಬಾಳಿನಲ್ಲಿ ಉಂಟೆಂದು ನನಗೆ ತೋರಿಸಿಕೊಟ್ಟವರು ನಮ್ಮ ಕಾಲೇಜಿನ ಗ್ರಂಥಪಾಲಕರು.

ವರ್ಗವಾಗಿ ನಾನು ಶಿರಸಿಯ ಕಾಲೇಜೊಂದಕ್ಕೆ ಬಂದದ್ದು 2022ರ ಕೊನೆಯಲ್ಲಿ. ಮಕ್ಕಳ ಶಾಲೆಯ ಕಾರಣದಿಂದ ಹೆಂಡತಿ ಊರಿನಲ್ಲಿಯೇ ಉಳಿದಳು. ನಾನು ಒಂದು ಹಂಚಿನ ಮನೆಯ ಮೇಲುಪ್ಪರಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಒಂದು ಒಲೆ, ಎರಡು ಪಾತ್ರೆ, ನಾಲ್ಕು ಪೆಟ್ಟಿಗೆ ಪುಸ್ತಕಗಳೊಡನೆ ನನ್ನ ಅರೆ ಸಂನ್ಯಾಸವನ್ನು ಆರಂಭಿಸಿದೆ. ಕಾಲೇಜಿಗೆ ಬಂದ ಮೊದಲ ವಾರದಲ್ಲಿಯೇ ನಾನು ಕಂಡ ವಿಶೇಷವೆಂದರೆ ಅಧ್ಯಾಪಕರ ಕೊಠಡಿಯ ನಡುವಿನ ಮೇಜು. ಬೇರೆ ಕಾಲೇಜುಗಳಲ್ಲಿ ಅಂಥ ಮೇಜಿನ ಮೇಲೆ ಹಾಜರಿ ಪುಸ್ತಕ, ಸುತ್ತೋಲೆ, ಓದಿ ಮಡಚಿದ ಪತ್ರಿಕೆ ಇರುತ್ತವೆ. ಇಲ್ಲಿ ಅವುಗಳ ಜೊತೆಗೆ ಕೊಟ್ಟೆಗಳೂ ಇರುತ್ತಿದ್ದವು. ಯಲ್ಲಾಪುರದ ಕಡೆಯಿಂದ ಬರುವ ಇತಿಹಾಸದ ಅಧ್ಯಾಪಕಿ ಒಂದು ದಿನ ಬಾಳೆಹಣ್ಣಿನ ಚಿಪ್ಪು ತಂದಿಟ್ಟರೆ, ಮರುದಿನ ಆಫೀಸಿನ ಸಿಪಾಯಿ ಕಂಚಿಕಾಯಿ ತಂದಿಡುವನು. ಹೋಗುವಾಗ ಬೇಕಾದವರು ಬೇಕಾದಷ್ಟನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳುವರು. ತಂದವರು ಯಾರೆಂದು ಕೇಳುವವರಿಲ್ಲ. ಒಯ್ದವರು ಯಾರೆಂದು ನೋಡುವವರೂ ಇಲ್ಲ.

ಇದನ್ನು ಕಂಡು, ಇವರು ಲೆಕ್ಕವರಿಯದ ಜನವೆಂದು ಯಾರಾದರೂ ತಿಳಿದರೆ ಮೋಸಹೋದಂತೆಯೇ. ಅಡಿಕೆಯ ವಿಷಯದಲ್ಲಿ ಇಲ್ಲಿಯವರಷ್ಟು ಲೆಕ್ಕ ಬಲ್ಲವರು ವಿರಳ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ವಿಂಗಡಿಸಿ, ಟೆಂಡರಿಗೆ ಇಟ್ಟು, ಕ್ವಿಂಟಲಿಗೆ ಇಂದು ಎಷ್ಟು, ನಿನ್ನೆ ಎಷ್ಟಿತ್ತು ಎಂಬುದನ್ನು ಊಟದ ನಡುವೆಯೂ ಮಾತನಾಡುವರು. ತೋಟದವರೇ ಕೂಡಿ ಕಟ್ಟಿಕೊಂಡ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ; ಶಿರಸಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿತು. ಮೆಣಸಿಗೂ ಏಲಕ್ಕಿಗೂ ಇದೇ ಲೆಕ್ಕ. ಆದರೆ ಅದೇ ತೋಟದ ಅಂಚಿನಲ್ಲಿ, ಅದೇ ಬೆಟ್ಟದ ಮಗ್ಗುಲಲ್ಲಿ ಬೆಳೆಯುವ ಹಲಸು, ಮೊಗೆಕಾಯಿ, ಕೆಸುವಿನ ಸೊಪ್ಪು, ಮಳೆಗಾಲದ ಕಳಲೆ ಇವುಗಳಿಗೆ ಬೇರೊಂದು ನ್ಯಾಯ. ಅವು ಅಂಗಡಿಗೂ ಹೋಗುತ್ತವೆ, ನಿಜ. ಆದರೆ ಅಂಗಡಿಗೆ ಹೋಗುವ ಮೊದಲು ನೆರೆಮನೆಗೆ ಹೋಗುತ್ತವೆ. ಒಂದೇ ಮನೆಯಲ್ಲಿ ಒಂದು ಬೆಳೆಗೆ ತಕ್ಕಡಿ, ಇನ್ನೊಂದಕ್ಕೆ ಕೊಟ್ಟೆ.

ನಮ್ಮ ಗ್ರಂಥಪಾಲಕರು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯವರು. ಹೆಸರು ಬರೆದರೆ ಅವರಿಗೆ ಇಷ್ಟವಾಗದು, ಆದ್ದರಿಂದ ಬರೆಯುವುದಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮಾತು ಕಡಿಮೆ. ಕೇಳಿದ ಪುಸ್ತಕ ಇಲ್ಲವೆಂದು ಹೇಳುವುದು ಅವರಿಗೆ ಎಂಥ ಸಂಕಟವೆಂದರೆ, ಕೆಲವು ಸಲ ತಮ್ಮ ಮನೆಯ ಪ್ರತಿಯನ್ನೇ ತಂದು, ‘ಹುಡುಕಿದೆ, ಸಿಕ್ಕಿತು’ ಎಂದು ಕೊಟ್ಟುಬಿಡುವರು. 2023ರ ಮಾರ್ಚ್ ತಿಂಗಳ ಒಂದು ಶನಿವಾರ ನಾನು ಗ್ರಂಥಾಲಯದಿಂದ ಹೊರಡುತ್ತಿದ್ದಾಗ ಅವರು ಮೇಜಿನ ಕೆಳಗಿನಿಂದ ಒಂದು ಕೊಟ್ಟೆಯನ್ನು ಎತ್ತಿ ನನ್ನ ಕೈಗಿತ್ತರು. ಬಾಯಿ ಬಿಗಿದು ಕಟ್ಟಿದ್ದ ಚೀಲ. ಒಳಗೆ ಹೆಬ್ಬೆರಳ ಗಾತ್ರದ ಹಸಿರು ಮಾವಿನ ಮಿಡಿಗಳು, ಒಂದೊಂದಕ್ಕೂ ತೊಟ್ಟು ಇದ್ದಂತೆಯೇ ಇತ್ತು.

‘‘ಅಪ್ಪೆಮಿಡಿ ಸರ್. ಮನೇಲಿ ಜಾಸ್ತಿ ಆಯ್ತು. ಸುಮ್ಮನೆ ಹಾಳಾಗಿ ಹೋಗ್ತದೆ. ತಗೊಳ್ಳಿ’’ ಎಂದರು.

ಬಯಲುಸೀಮೆಯ ನಾಲಿಗೆ, ತಡೆಯದೆ ಕೇಳಿಬಿಟ್ಟೆ: ‘‘ಎಷ್ಟಾಯಿತು?’’

ಅವರು ನಕ್ಕರು. ‘‘ಎಣಿಸಲಿಲ್ಲ ಸರ್’’ ಎಂದರು. ನಾನು ಕೇಳಿದ್ದು ಹಣವನ್ನು. ಅವರು ಉತ್ತರಿಸಿದ್ದು ಮಿಡಿಯನ್ನು ಕುರಿತು. ನನ್ನ ಪ್ರಶ್ನೆ ಅವರಿಗೆ ಅರ್ಥವಾಗದಿರಲಿಲ್ಲ. ಅದಕ್ಕೆ ನಾಚಿಕೆಯಾಗದಂತೆ ಅದರ ಅರ್ಥವನ್ನೇ ಬದಲಿಸಿದರು ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಅಂದು ಸಂಜೆಯೇ ನನಗೆ ಊರಿಗೆ ಹೋಗಬೇಕಾಗಿತ್ತು, ಬಂಧುಗಳ ಮನೆಯಲ್ಲಿ ಮದುವೆ. ಕೊಟ್ಟೆಯನ್ನು ಕೋಣೆಯ ಮೂಲೆಯಲ್ಲಿಟ್ಟು, ಕಟ್ಟನ್ನೂ ಬಿಚ್ಚದೆ ಬಸ್ಸು ಹತ್ತಿದೆ. ಮರಳಿದ್ದು ಬುಧವಾರ ರಾತ್ರಿ. ಬಾಗಿಲು ತೆರೆದರೆ ಒಂದು ವಿಚಿತ್ರವಾದ ವಾಸನೆ: ಅರ್ಧ ಪರಿಮಳ, ಅರ್ಧ ಕೊಳೆತ. ಮಾರ್ಚಿಯ ಸೆಕೆಗೆ ಚೀಲ ಒಳಗೊಳಗೇ ಬೆವೆತು, ಮಿಡಿಗಳು ಕಪ್ಪಾಗಿ, ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೆಯೇ ಒಯ್ದು ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದೆ. ಯಾರೂ ನೋಡಲಿಲ್ಲವೆಂಬ ಸಮಾಧಾನದಿಂದ ಕೈ ತೊಳೆದುಕೊಂಡೆ.

ಮರುದಿನ ಗ್ರಂಥಪಾಲಕರು, ‘‘ಮಿಡಿ ಹೇಗಿತ್ತು ಸರ್?’’ ಎಂದು ಕೇಳಿದರು.

‘‘ಬಹಳ ಸೊಗಸಾಗಿತ್ತು. ಉಪ್ಪಿನಕಾಯಿ ಹಾಕಿದೆ. ನಿನ್ನೆ ರಾತ್ರಿಯ ಊಟಕ್ಕೆ ಅದೇ. ಅಮೃತ!’’ ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, ‘‘ಅಡ್ಡಿಲ್ಲ ಸರ್’’ ಎಂದು ಹೇಳಿ ಪುಸ್ತಕಗಳಿಗೆ ಮೊಹರು ಒತ್ತುವುದರಲ್ಲಿ ತೊಡಗಿದರು. ಈ ಸೀಮೆಯಲ್ಲಿ ‘ಅಡ್ಡಿಲ್ಲ’ ಎಂಬ ಮಾತಿಗೆ ಎಷ್ಟು ಅರ್ಥಗಳುಂಟೋ ಎಣಿಸಿದವರಿಲ್ಲ. ಚೆನ್ನಾಗಿದೆ ಎಂದೂ ಆಗಬಹುದು, ಸಾಕು ಎಂದೂ ಆಗಬಹುದು. ನಿಮ್ಮ ಸುಳ್ಳು ನನಗೆ ತಿಳಿಯಿತು, ಆದರೂ ಚಿಂತೆಯಿಲ್ಲ ಎಂದೂ ಆಗಬಹುದು. ನಾನು ಮೊದಲನೆಯ ಅರ್ಥವನ್ನೇ ಹಿಡಿದು ಹಿಗ್ಗಿದೆ.

ನನ್ನ ಸುಳ್ಳು ಎಂಥ ಸುಳ್ಳೆಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಕೆಳಗಿನ ಮನೆಯ ಯಜಮಾನಿ ಜಗುಲಿಯಲ್ಲಿ ಕುಳಿತು ಮಿಡಿಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸುತ್ತಿದ್ದರು. ಇದನ್ನು ಯಾವಾಗ ತಿನ್ನುವುದೆಂದು ಸುಮ್ಮನೆ ಕೇಳಿದೆ. ಆ ತಾಯಿ ನನ್ನನ್ನು ಅನುಕಂಪದಿಂದ ನೋಡಿ, ಅಪ್ಪೆಮಿಡಿಯ ಶಾಸ್ತ್ರವನ್ನೆಲ್ಲ ಹೇಳಿದರು. ಮಿಡಿಯನ್ನು ಮರದಿಂದ ನೆಲಕ್ಕೆ ಬೀಳಗೊಡಬಾರದು. ಪೆಟ್ಟು ತಿಂದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸೀತು. ಗೊರಟು ಬಲಿಯುವ ಮೊದಲೇ, ತೊಟ್ಟು ಸಹಿತ ಕೊಯ್ಯಬೇಕು. ಕೊಯ್ದ ಮೇಲೆ ತಡಮಾಡದೆ ಉಪ್ಪಿನಲ್ಲಿ ಹಾಕಬೇಕು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಎರಡು ಮೂರು ವಾರಗಳಲ್ಲಿ ಮಿಡಿ ತನ್ನ ನೀರನ್ನು ತಾನೇ ಬಿಟ್ಟು ಮುರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸಿನಕಾಯಿ, ಅರಿಸಿನಗಳನ್ನು ಅರೆದು ಬೆರೆಸಿ ಭರಣಿಯ ಬಾಯಿ ಕಟ್ಟಿದರೆ, ರುಚಿ ಇಳಿಯಲು ಮತ್ತೂ ತಿಂಗಳುಗಳು ಬೇಕು. ಸರಿಯಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ. ‘‘ಈಗ್ಲೇ ತಿಂಬುದಾ?’’ ಎಂದು ಅವರು ನಕ್ಕರು.

ನಾನು ಶನಿವಾರ ಪಡೆದ ಮಿಡಿಯನ್ನು ಬುಧವಾರ ಉಪ್ಪಿನಕಾಯಿಯಾಗಿ ತಿಂದಿದ್ದೆ! ಬಾಲ್ಯದಿಂದ ಭರಣಿಗಳ ನಡುವೆ ಬೆಳೆದವರ ಮುಂದೆ ನಿಂತು ಹಾಗೆಂದು ಹೇಳಿದ್ದೆ. ಅವರು ‘ಅಡ್ಡಿಲ್ಲ’ ಎಂದಿದ್ದರು. ಆ ದಿನದಿಂದ ಗ್ರಂಥಾಲಯದ ಕಡೆ ನನ್ನ ಕಾಲು ಹೋಗದಾಯಿತು. ಬೇಕಾದ ಪುಸ್ತಕಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ತರಿಸಿಕೊಳ್ಳತೊಡಗಿದೆ. ತಪ್ಪು ಮಾಡಿದವನೇ ಮುನಿಸಿಕೊಂಡವನಂತೆ ದೂರ ನಿಲ್ಲುವುದು ಮನುಷ್ಯಸ್ವಭಾವದ ವಿಚಿತ್ರಗಳಲ್ಲಿ ಒಂದು.

ಜುಲೈ ತಿಂಗಳಿನಲ್ಲಿ, ಮಳೆ ಹಿಡಿದ ಒಂದು ಭಾನುವಾರ, ಅವರೇ ನನ್ನ ಕೋಣೆಗೆ ಬಂದು ತಮ್ಮ ಮನೆಗೆ ಕರೆದೊಯ್ದರು. ಒಲ್ಲೆನೆನ್ನಲು ನೆಪ ಸಿಕ್ಕಲಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಎಷ್ಟು ಬೇಗ ಹೊಳೆಯಾಗಿಬಿಡುತ್ತದೆಂಬುದನ್ನು ಅಂದು ಕಂಡೆ. ಅವರ ಮನೆ ಆ ಹೊಳೆಯನ್ನು ಸೇರುವ ಒಂದು ಹಳ್ಳದ ಮಗ್ಗುಲಲ್ಲಿದೆ. ಕೆಳಗೆ ಅಡಿಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಜಗುಲಿ ಹತ್ತಿದೊಡನೆ ಅವರ ವೃದ್ಧ ತಾಯಿ, ‘‘ಬನ್ನಿ ಮಾಸ್ತರ್ರೆ, ಆಸರಿಗೆ ಎಂತ ಬೇಕು?’’ ಎಂದು ಉಪಚರಿಸಿದರು.

ಊಟದ ಕೊನೆಯಲ್ಲಿ ಅಪ್ಪೆಹುಳಿ ಬಂದಿತು. ಉಪ್ಪಿನಲ್ಲಿಟ್ಟ ಮಿಡಿಯನ್ನು ಕಿವುಚಿ ನೀರು ಬೆರೆಸಿ, ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟ ತಿಳಿನೀರಿನಂಥ ಪಾನೀಯ. ಕುಡಿದವನಿಗೆ ನಿದ್ರೆ ತಪ್ಪದೆಂದು ಇಲ್ಲಿಯವರ ವಿನೋದ. ಲೋಟವನ್ನು ಮೂಗಿನ ಬಳಿ ತಂದಾಗ, ಬುಧವಾರ ರಾತ್ರಿಯ ಆ ಪರಿಮಳ ಥಟ್ಟನೆ ನೆನಪಿಗೆ ಬಂದಿತು. ಅಂದು ಕೊಳೆತದ್ದರೊಡನೆ ಬೆರೆತಿದ್ದ ಆ ಇನ್ನೊಂದು ಅರ್ಧ ಇದೇ. ಹೊಳೆದಂಡೆಯ ಈ ಕಾಡುಮಾವುಗಳಲ್ಲಿ ಒಂದೊಂದು ಮರದ ಸೊನೆಗೂ ಒಂದೊಂದು ಗಂಧ. ಜೀರಿಗೆಯ ವಾಸನೆಯದು ಜೀರಿಗೆ ಮಿಡಿ. ಅನಂತಭಟ್ಟನ ಅಪ್ಪೆಯೆಂದು ಮನುಷ್ಯನ ಹೆಸರು ಹೊತ್ತ ತಳಿಯೂ ಉಂಟು. ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡಿ ಜಾತಿ ಹೇಳುವವರು ಇಲ್ಲಿದ್ದಾರೆ.

‘‘ಇದು ಹೋದ ವರ್ಷದ್ದು’’ ಎಂದರು ತಾಯಿ. ‘‘ಈ ವರ್ಷ ಮಿಡಿಯೇ ಇಲ್ಲೆ ಮಾಸ್ತರ್ರೆ. ಎರಡು ಮರ ಇತ್ತು, ಒಂದನ್ನ ಹೊಳೆ ತಗಂಡು ಹೋತು. ಇನ್ನೊಂದು ಒಂದು ವರ್ಷ ಬಿಟ್ರೆ ಒಂದು ವರ್ಷ ಬಿಡ್ತಿಲ್ಲೆ. ಇಡೀ ಮರಕ್ಕೆ ಇನ್ನೂರು ಮಿಡಿ ಸಿಕ್ಕಿತ್ತು. ಅದ್ರಲ್ಲಿ ನೂರು ನಿಮ್ಗೆ ಹೇಳಿ ಮಾಣಿ ತಗಂಡು ಬಂದ. ಹೊಸಬ್ರು, ಒಬ್ರೇ ಇಪ್ಪದು ಹೇಳಿ.’’

‘‘ಆಯಿ, ಎಂತಕ್ಕೆ ಈಗ ಆ ಮಾತು?’’ ಎಂದು ಮಗ ತಡೆದರು.

ಆ ಮಾಣಿಗೆ ವಯಸ್ಸು ಐವತ್ತರ ಹತ್ತಿರ. 2019ರ ಆಗಸ್ಟಿನ ನೆರೆ ಆ ಮನೆಯ ಒಂದು ಮರವನ್ನು ಒಯ್ದಿತ್ತು. ಉಳಿದ ಮರ ಕೊಟ್ಟದ್ದರಲ್ಲಿ ಅರ್ಧವನ್ನು ನಾನು ಗೊಬ್ಬರದ ಗುಂಡಿಗೆ ಸುರಿದಿದ್ದೆ. ‘ಮನೇಲಿ ಜಾಸ್ತಿ ಆಯ್ತು’ ಎಂದು ಅವರು ಹೇಳಿದ್ದೂ ಸುಳ್ಳೇ. ಹಾಗಾದರೆ ಆ ಕೊಟ್ಟೆಯ ಸುತ್ತ ಇಬ್ಬರು ಸುಳ್ಳು ಹೇಳಿದ್ದೆವು: ಕೊಳ್ಳುವವನಿಗೆ ಭಾರವಾಗದಿರಲೆಂದು ಅವರು, ನನ್ನ ಮಾನ ಉಳಿಯಲೆಂದು ನಾನು.

ಬಸ್ಸಿನ ದಾರಿಯವರೆಗೆ ಅವರು ಕೊಡೆ ಹಿಡಿದು ಬಂದರು. ಇನ್ನು ಸುಮ್ಮನಿರಬಾರದೆಂದು ನಾನು, ‘‘ಆ ಮಿಡಿಯ ವಿಷಯ ನಿಮ್ಮ ಹತ್ತಿರ ಒಂದು ಮಾತು...’’ ಎಂದು ಆರಂಭಿಸಿದೆ. ಅವರು ತಟ್ಟನೆ ನಿಂತು, ‘‘ಸರ್, ಉಂಬಳ!’’ ಎಂದರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ನನ್ನ ಕಾಲಿಗೆ ಹತ್ತಿದ್ದ ಉಂಬಳವನ್ನು ಕಿತ್ತು ಎಸೆದರು. ಆಮೇಲೆ ಬಸ್ಸು ಬರುವವರೆಗೆ ಉಂಬಳದ ಮಾತೇ ನಡೆಯಿತು. ಅವರು ನನಗೆ ತಪ್ಪೊಪ್ಪಿಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ.

ಆ ವಾರ ನಾನು ತರಗತಿಯಲ್ಲಿ ಪಾಠ ಹೇಳಬೇಕಾಗಿದ್ದದ್ದು ಹಲ್ಮಿಡಿ ಶಾಸನ. ಹೆಸರಿನಲ್ಲಿಯೇ ಮಿಡಿಯಿದೆಯಲ್ಲ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಅಂದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸಾಮಾನ್ಯವಾಗಿ ಐದನೆಯ ಶತಮಾನದ್ದೆಂದು ನಾವು ಹೇಳುವ ಆ ಶಾಸನ ಸಿಕ್ಕಿದ್ದು ನನ್ನ ಹಾಸನ ಜಿಲ್ಲೆಯಲ್ಲಿ. ಅದರಲ್ಲಿ ಹೆಸರಿರುವುದು ಕದಂಬ ಕಾಕುಸ್ಥನದು. ಕದಂಬರ ರಾಜಧಾನಿ ಬನವಾಸಿ ಇದೇ ಶಿರಸಿ ತಾಲೂಕಿನಲ್ಲಿದೆ. ಶಾಸನದ ವಿಷಯವೇನು? ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಹಳ್ಳಿಗಳನ್ನು ಕೊಟ್ಟದ್ದು. ಕನ್ನಡದ ಬಹುಪಾಲು ಶಾಸನಗಳು ಹೀಗೆ ಕೊಟ್ಟದ್ದರ ದಾಖಲೆಗಳೇ. ಕೊಟ್ಟವನ ಹೆಸರು, ಪಡೆದವನ ಹೆಸರು, ಭೂಮಿಯ ಎಲ್ಲೆ, ಸಾಕ್ಷಿಗಳು, ಕೊನೆಗೆ ಅಳಿದವನಿಗೆ ಮಹಾಪಾತಕದ ಶಾಪ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಗೆ ‘ದಾನಚಿಂತಾಮಣಿ’ ಎಂಬ ಬಿರುದು ನಿಂತಿತು. ಇವೆಲ್ಲ ದೊಡ್ಡ ದಾನಗಳು; ದೊಡ್ಡದಕ್ಕೆ ಕಲ್ಲು ಬೇಕು, ಬಿರುದು ಬೇಕು. ಆದರೆ ಅಷ್ಟು ಶತಮಾನಗಳಲ್ಲಿ ಬೇಲಿಯ ಮೇಲಿನಿಂದ ದಾಟಿದ ಸೊಪ್ಪು, ಹಿತ್ತಲ ಬಾಗಿಲಿನಿಂದ ಹೋದ ಹಲಸಿನ ಹಣ್ಣು ಎಷ್ಟಿರಬೇಕು! ಅವನ್ನು ಯಾರೂ ಕೊರೆಯಿಸಲಿಲ್ಲ. ಅಳಿದವನಿಗೆ ಶಾಪವೂ ಇಲ್ಲ. ನಾನು ಅಳಿದವನು, ನನಗೆ ಸಿಕ್ಕಿದ್ದು ‘ಅಡ್ಡಿಲ್ಲ’ ಎಂಬ ಮಾತು.

ಪಂಪನು ಬನವಾಸಿಯನ್ನು ವರ್ಣಿಸುವ ಪದ್ಯದಲ್ಲಿ ಮಾಮರ ಬರುತ್ತದೆ, ವೀಳ್ಯದೆಲೆಯ ಬಳ್ಳಿ ಬರುತ್ತದೆ. ಬಯಲುಸೀಮೆಯಲ್ಲಿ ಕುಳಿತು ಹತ್ತಾರು ವರ್ಷ ಆ ಪದ್ಯವನ್ನು ನಾನು ಕವಿಸಮಯವೆಂದೇ ಪಾಠ ಹೇಳಿದ್ದೆ. ಇಲ್ಲಿ ಬಂದ ಮೇಲೆ, ಕವಿ ಮರಗಳ ಹೆಸರು ಹೇಳಿದ್ದು ಅಲಂಕಾರಕ್ಕಾಗಿ ಮಾತ್ರವಲ್ಲವೆಂದು ತೋರುತ್ತದೆ. ಅವನಿಗೂ ಯಾರೋ ಒಂದು ಕೊಟ್ಟೆ ಕೊಟ್ಟಿರಬೇಕು.

ಈ ಮಾತನ್ನು ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣವುಂಟು. ಅಪ್ಪೆಮಿಡಿಗೂ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಪೇಟೆಯಲ್ಲಿ ಬೆಲೆಯೂ ಬಂದಿದೆ. ಬೆಳೆದವನಿಗೆ ಬೆಲೆ ಸಿಕ್ಕುವುದು ನ್ಯಾಯವೇ. ಆದರೆ ಹೊಳೆದಂಡೆಯ, ಕಾಡಿನ ಮರಗಳಲ್ಲಿ ಒಂದೊಂದೇ ಮಿಡಿ ಕೊಯ್ಯುವ ತಾಳ್ಮೆಯಿಲ್ಲದೆ ಕೊಂಬೆಗಳನ್ನೇ ಕಡಿದು ಕೆಡಹುವವರೂ ಇದ್ದಾರೆ. ಕಡಿದ ಕೊಂಬೆ ಮರುವರ್ಷ ಮಿಡಿ ಬಿಡುವುದಿಲ್ಲ. ಒಳ್ಳೆಯ ಮರ ಬಿದ್ದರೆ, ಅದರ ಗೊರಟಿನಿಂದ ಅದೇ ಗಂಧ ಬರುವುದೆಂಬ ಭರವಸೆಯಿಲ್ಲ. ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ಹಾಗೆ ಕಸಿ ಕಟ್ಟುವವರು ಈ ತಾಲೂಕುಗಳಲ್ಲಿಯೂ ನೆರೆಯ ಸಾಗರದ ಕಡೆಯೂ ಇದ್ದಾರೆಂಬುದು ಸಮಾಧಾನ. ನಮ್ಮ ಗ್ರಂಥಪಾಲಕರ ಮನೆಯಲ್ಲಿಯೂ ಹಳ್ಳಕ್ಕೆ ದೂರವಾಗಿ, ದಿಬ್ಬದ ಮೇಲೆ ಎರಡು ಕಸಿಗಿಡಗಳನ್ನು ನೆಟ್ಟಿದ್ದಾರೆ. ಉಳಿದ ಆ ಒಂದು ಮರದ ಕುಡಿಗಳೇ. ಮರ ಉಳಿದರೆ ಮಿಡಿ. ಮಿಡಿ ಉಳಿದರೆ ಕೊಟ್ಟೆ. ಕೊಂಡು ತಂದದ್ದನ್ನು ಹೀಗೆ ಧಾರಾಳವಾಗಿ ‘ಹಾಳಾಗಿ ಹೋಗ್ತದೆ, ತಗೊಳ್ಳಿ’ ಎಂದು ಹೇಳುವುದು ಯಾರಿಂದಲೂ ಆಗದು.

2024ರ ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಸೊಗಡಿನ ಅವರೆಕಾಯಿಯ ಕಾಲ. ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟು ಅವರೆ ಅಷ್ಟಕ್ಕಷ್ಟೆ. ತಾಯಿ ಮನೆಯ ಖರ್ಚಿಗೆಂದು ಹೊಲದಿಂದ ಬಿಡಿಸಿ ತರಿಸಿದ್ದ ಕಾಯಲ್ಲಿ ಎರಡು ಸೇರಿನಷ್ಟನ್ನು ಬೇಡಿ, ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಲಿಲ್ಲ, ಅಷ್ಟು ಪಾಠ ಆಗಿತ್ತು. ಗ್ರಂಥಾಲಯದ ಮೇಜಿನ ಮೇಲೆ ಅದನ್ನಿಟ್ಟಾಗ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯವನ್ನುಂಟುಮಾಡಿತು: ‘‘ಮನೆಯಲ್ಲಿ ತಿನ್ನುವವರಿಲ್ಲ. ಸುಮ್ಮನೆ ಹಾಳಾಗಿ ಹೋಗುತ್ತದೆ. ತಗೊಳ್ಳಿ.’’ ಅವರು ಚೀಲದ ಬಾಯಿ ಬಿಚ್ಚಿ, ಸೊಗಡನ್ನು ಮೂಸಿ, ‘‘ಅಡ್ಡಿಲ್ಲ ಸರ್’’ ಎಂದರು. ಅಂದು ಅದರ ಅರ್ಥ ನನಗೆ ಸರಿಯಾಗಿಯೇ ತಿಳಿಯಿತು.

ಮತ್ತೆ ಮಾರ್ಚಿ ಬಂದಿತು. ಊರಿನಲ್ಲಿ ಮಾರಿಕಾಂಬೆಯ ಜಾತ್ರೆಯ ಸಡಗರ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಕಾಲೇಜಿನ ಹುಡುಗರ ಮನಸ್ಸು ಮುಂದಾಗಿಯೇ ಓಡಿತ್ತು. ಅಂಥ ಒಂದು ಮಧ್ಯಾಹ್ನ ಗ್ರಂಥಪಾಲಕರು ಮೇಜಿನ ಕೆಳಗಿನಿಂದ ಈ ಸಲ ಕೊಟ್ಟೆಯನ್ನಲ್ಲ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಸಣ್ಣ ಭರಣಿಯನ್ನು ಎತ್ತಿಟ್ಟರು.

‘‘ಈ ವರ್ಷ ಮರ ಚೆನ್ನಾಗಿ ಬಿಟ್ಟಿತ್ತು ಸರ್. ಈ ಸಲ ಉಪ್ಪು ಹಾಕಿಯೇ ತಂದೆ. ದಿನಾ ಒಂದು ಸಲ ಅಲ್ಲಾಡಿಸಿ, ಸಾಕು’’ ಎಂದರು.

ಅವರ ಮುಖದಲ್ಲಿ ನಗುವಿರಲಿಲ್ಲ. ಇದ್ದರೂ ಪುಸ್ತಕದ ರಾಶಿಯ ಹಿಂದೆ ಇತ್ತು. ಒಂದು ವರ್ಷದಿಂದ ಎಲ್ಲವೂ ಅವರಿಗೆ ತಿಳಿದಿತ್ತು. ‘ಮರ ಬಿಟ್ಟಿತ್ತು’ ಎಂದರು, ‘ಹಾಕಿ ತಂದೆ’ ಎಂದರು. ‘ಕೊಟ್ಟೆ’ ಎಂಬ ಕ್ರಿಯಾಪದ ಆ ಬಾಯಿಂದ ಅಂದೂ ಬರಲಿಲ್ಲ. ಭರಣಿ ಈಗಲೂ ನನ್ನ ಕೋಣೆಯಲ್ಲಿದೆ. ಮಿಡಿ ಮುಗಿದು ಬಹಳ ದಿನಗಳಾದವು. ಬರಿದಾಗಿ ಹಿಂದಿರುಗಿಸಬಾರದೆಂದು ಅವರೆಯ ಕಾಲವನ್ನು ಕಾಯುತ್ತಿದ್ದೇನೆ.